ಲಿವರ್ ಒಗ್ಗಿತು, ಹಾಲು ಒಗ್ಗಲಿಲ್ಲ

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳಿಗೆ ತಕ್ಕಡಿಯಕ್ಕ ಎಂದೇ ಹೆಸರು. ಹತ್ತೊಂಬತ್ತನೇ ವಯಸ್ಸಿಗೆ ಹಿಟ್ಟು ಕಲಸುವ ವಿಭಾಗಕ್ಕೆ ಸೇರಿದವಳು, ಹದಿನೇಳು ವರ್ಷ ಅಲ್ಲೇ ಸವೆಸಿದ್ದಳು. ಹಾಲಿನ ಪುಡಿಯ ಚೀಲಕ್ಕೆ ಕೈಹಾಕಿ ಒಂದು ಹಿಡಿ ಎತ್ತಿದರೆ ಅದು ಎಷ್ಟು ಗ್ರಾಂ ಎಂದು ಬಾಯಲ್ಲೇ ಹೇಳುತ್ತಿದ್ದಳು. ಹೊಸಬರು ನಂಬದೆ ತೂಗಿ ನೋಡುತ್ತಿದ್ದರು. ಒಂದೆರಡು ಗ್ರಾಂ ಅತ್ತಿತ್ತ, ಅಷ್ಟೇ. ಆ ಒಂದೆರಡು ಗ್ರಾಮಿಗೂ ಅವಳು ಸೋಲೊಪ್ಪುತ್ತಿರಲಿಲ್ಲ. "ತಕ್ಕಡಿ ಕೆಟ್ಟಿರಬೇಕು, ರಿಪೇರಿಗೆ ಕೊಡಿ" ಎನ್ನುತ್ತಿದ್ದಳು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಂಗಿಗೆ ಆರು. ತಂದೆ ಅದಕ್ಕೂ ಮುಂಚೆಯೇ ಹೋಗಿದ್ದ. ತಂಗಿಯ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಎದ್ದು ಕೂತಿದ್ದು, ಕೊನೆಗೆ ಮದುವೆ ಮಾಡಿ ಕೊಟ್ಟಿದ್ದು ಎಲ್ಲ ಇವಳೇ. ಯಾರಾದರೂ ಇವಳ ಮದುವೆಯ ಮಾತು ಎತ್ತಿದರೆ, "ಒಂದು ಮಗು ಸಾಕಿ ದಡ ಮುಟ್ಟಿಸಿದೀನಿ, ಇನ್ನೊಂದು ಯಾಕೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ತಂಗಿಯ ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವರ ಮನೆ ಎರಡು ಬೀದಿ ಆಚೆ, ಮೂರನೇ ಮಹಡಿ. ಆ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಅದನ್ನು ಹೇಳಿ ಅವನನ್ನು ಛೇಡಿಸದ ನೆಂಟರಿರಲಿಲ್ಲ.

ತಂಗಿಗೆ ಹೆಣ್ಣುಮಗು ಆಯಿತು. ಎರಡು ಕೆಜಿಗೆ ಸ್ವಲ್ಪ ಕಡಿಮೆ. ತಕ್ಕಡಿಯಕ್ಕ ಅದನ್ನು ಎರಡು ಅಂಗೈಯಲ್ಲಿ ಇಟ್ಟುಕೊಂಡು, "ಇದು ಮಗು ಅಲ್ಲ ಕಣೇ, ಒಂದು ಚಿಟಿಕೆ" ಎಂದಳು. ದಾಖಲೆಯಲ್ಲಿ ಬೇರೆ ಹೆಸರಿದ್ದರೂ ಮನೆಯಲ್ಲಿ ಚಿಟಿಕೆ ಎಂಬುದೇ ನಿಂತಿತು.

ಹುಟ್ಟಿದಾಗ ಬಂದ ಕಾಮಾಲೆ ಒಂದು ತಿಂಗಳಾದರೂ ಇಳಿಯಲಿಲ್ಲ. ಕಣ್ಣು ಹಳದಿ, ಮಲ ಸುಣ್ಣದ ಬಣ್ಣ. ಪಿತ್ತ ಹರಿಯುವ ನಾಳಗಳೇ ಮುಚ್ಚಿಹೋಗಿವೆ ಎಂದರು ಡಾಕ್ಟರು. ಎರಡು ತಿಂಗಳಿಗೆ ಒಂದು ಆಪರೇಷನ್ ಆಯಿತು, ಅದು ಕೈ ಹಿಡಿಯಲಿಲ್ಲ. ಒಂಬತ್ತು ತಿಂಗಳಾಗುವಾಗ ಚಿಟಿಕೆಯ ಹೊಟ್ಟೆ ಕೊಡದಂತೆ ಊದಿತ್ತು, ಕೈಕಾಲು ಕಡ್ಡಿಯಂತೆ ಆಗಿದ್ದವು. ಬೇರೊಬ್ಬರ ಯಕೃತ್ತಿನ ಒಂದು ತುಂಡು ತೆಗೆದು ಇಡುವುದೊಂದೇ ದಾರಿ ಎಂದರು.

ತಂಗಿಯ ರಕ್ತದ ಗುಂಪು ಹೊಂದಲಿಲ್ಲ. ಗಂಡನದು ಹೊಂದಿತು, ಆದರೆ ಅವನ ಯಕೃತ್ತಿನಲ್ಲಿ ಕೊಬ್ಬು ಜಾಸ್ತಿ ಇತ್ತು. ತೂಕ ಇಳಿಸಿ ಮೂರು ತಿಂಗಳು ಬಿಟ್ಟು ಬನ್ನಿ ಎಂದರೆ ಮಗುವಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ತನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದ. ತಕ್ಕಡಿಯಕ್ಕ ಯಾರಿಗೂ ಹೇಳದೆ ಕೆಳಗಿನ ಮಹಡಿಗೆ ಹೋಗಿ, "ನನ್ನದೂ ಒಂದು ಸಲ ನೋಡಿಬಿಡಿ" ಎಂದು ರಕ್ತ ಕೊಟ್ಟು ಬಂದಳು. ವಾರದೊಳಗೆ ಹತ್ತಾರು ಪರೀಕ್ಷೆ ಆಯಿತು. ಎಲ್ಲ ಸರಿಹೋಯಿತು.

"ಅಕ್ಕಾ, ನಿಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದಳು ತಂಗಿ.

"ಆದ್ರೆ ನೀನು ನನ್ನ ನೋಡ್ಕೊ. ಇಷ್ಟು ವರ್ಷ ನಾನು ನೋಡ್ಕೊಂಡಿಲ್ವಾ? ಬಾಕಿ ಅಂತ ಇಟ್ಕೋಬೇಡ."

ಆಪರೇಷನ್ ಮಾಡುವ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು, ಎಡಗಡೆಯ ಈ ಭಾಗ ತೆಗೆಯುತ್ತೇವೆ, ಕೆಲವು ತಿಂಗಳಲ್ಲಿ ನಿಮ್ಮದು ಮತ್ತೆ ಬೆಳೆದುಕೊಳ್ಳುತ್ತದೆ ಎಂದು ವಿವರಿಸಿದರು. ಅವಳು ಎಲ್ಲ ಕೇಳಿ, "ಎಷ್ಟು ಗ್ರಾಂ?" ಎಂದಳು.

"ಇನ್ನೂರೈವತ್ತರ ಆಸುಪಾಸು."

"ಆಸುಪಾಸು ಅಂದ್ರೆ?"

ಡಾಕ್ಟರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಹದಿನೈದು ವರ್ಷದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲವಂತೆ. ಆಪರೇಷನ್ ಮುಗಿದು ಮೂರನೇ ದಿನ ವಾರ್ಡಿಗೆ ಬಂದಾಗ ಅವರೇ ನೆನಪಿಟ್ಟುಕೊಂಡು ಹೇಳಿದರು: ಇನ್ನೂರ ನಲವತ್ತೆರಡು. ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

ಮಗುವಿನ ಮೈ ಆ ತುಂಡನ್ನು ಒಪ್ಪಿಕೊಂಡಿತು. ಕಣ್ಣಿನ ಹಳದಿ ಹತ್ತೇ ದಿನದಲ್ಲಿ ಇಳಿಯಿತು. ತನ್ನ ಮಗಳ ಕಣ್ಣು ಬೆಳ್ಳಗಿರುವುದನ್ನು ತಂಗಿ ಮೊದಲ ಸಲ ಕಂಡಳು. ಹೊಸ ಅಂಗವನ್ನು ಮೈ ಹೊರಗಿನದೆಂದು ಹೊಡೆದುಹಾಕದಿರಲಿ ಎಂದು ದಿನಕ್ಕೆ ಎರಡು ಹೊತ್ತು ಔಷಧಿ, ಗಡಿಯಾರ ನೋಡಿಕೊಂಡು. ತಕ್ಕಡಿಯಕ್ಕ ಮೂರು ತಿಂಗಳು ಬಿಟ್ಟು ಕೆಲಸಕ್ಕೆ ಮರಳಿದಳು. ಚೀಲ ಎತ್ತಬಾರದೆಂದು ಅವಳನ್ನು ತೂಕದ ಮೇಜಿಗೆ ಕೂರಿಸಿದರು. ಹಾಲಿನ ಪುಡಿ, ಮೊಟ್ಟೆ ಪುಡಿ, ಗೋಡಂಬಿ ಚೂರು, ಸಕ್ಕರೆ, ಹಿಟ್ಟು, ಒಂದೊಂದನ್ನೂ ತೂಗಿ ಡಬ್ಬಿಗೆ ತುಂಬಿ ಕಲಸುವ ಯಂತ್ರಕ್ಕೆ ಕಳಿಸುವುದು ಅವಳ ಕೆಲಸ. ಸಂಜೆ ಐದಕ್ಕೆ ಪಾಳಿ ಮುಗಿದರೆ ನೇರ ತಂಗಿಯ ಮನೆಗೆ. ಮೂರು ಮಹಡಿ ಹತ್ತಿ, ಉಸಿರು ಬಿಡುತ್ತ ಚಿಟಿಕೆಯನ್ನು ಎತ್ತಿಕೊಳ್ಳುವಳು, ಕೆನ್ನೆಗೆ ಕೆನ್ನೆ ಒತ್ತುವಳು.

ಮಗುವಿಗೆ ಹದಿನೈದು ತಿಂಗಳಾದಾಗ ಮೊದಲ ಸಲ ಆಯಿತು. ಚೆನ್ನಾಗಿ ತಿನ್ನಿಸಿ, ತೂಕ ಏರಲಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ತಂಗಿ ಬೇಯಿಸಿದ ಮೊಟ್ಟೆಯನ್ನು ನುಣ್ಣಗೆ ಮಸೆದು ಎರಡು ಚಮಚ ಕೊಟ್ಟಳು. ಐದು ನಿಮಿಷದಲ್ಲಿ ತುಟಿ ಊದಿತು, ಕತ್ತಿನ ಸುತ್ತ ಕೆಂಪು ದದ್ದು ಎದ್ದವು, ತಿಂದದ್ದೆಲ್ಲ ವಾಂತಿ. ಆಸ್ಪತ್ರೆಗೆ ಓಡಿದರು. ಒಂದು ತಿಂಗಳು ಬಿಟ್ಟು ಹಾಲಿಗೂ ಹಾಗೇ ಆಯಿತು. ಅದೇ ಹಾಲನ್ನು ಅಲ್ಲಿಯವರೆಗೆ ದಿನವೂ ಕುಡಿದಿದ್ದ ಮಗು. ಆಮೇಲೆ ಗಂಜಿಗೆ ಹಾಕಿದ ಗೋಡಂಬಿ ಪುಡಿ. ಆ ಸಲ ಉಸಿರು ಕಟ್ಟಿ ಸೀಟಿಯಂಥ ಸದ್ದು ಬಂತು.

ತಂಗಿಯ ಅತ್ತೆ ಹಳೆಯ ಕಾಲದ ಹೆಂಗಸು. ಓದು ಬರಹ ಇಲ್ಲ, ಆದರೆ ಮಾತಿಗೊಂದು ಗಾದೆ ಇಟ್ಟುಕೊಂಡವರು. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಇಲ್ಲಿ ಊಟವೇ ರೋಗ ಆಯ್ತಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಒಂದು ಸಂಜೆ ತಕ್ಕಡಿಯಕ್ಕ ಮಹಡಿ ಹತ್ತಿ ಬಂದು ಬಾಗಿಲಾಚೆ ಉಸಿರು ಸುಧಾರಿಸಿಕೊಳ್ಳುತ್ತ ನಿಂತಿದ್ದಾಗ, ಒಳಗೆ ಅವರು ಮಗನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು:

"ನಮ್ಮ ಕಡೆ ಯಾರಿಗಿದೆ ಹೀಗೆ? ಅವಳ ದೊಡ್ಡಮ್ಮನದಲ್ವಾ ಲಿವರು. ಅವಳಿಗೆ ಏನೇನು ಒಗ್ಗಲ್ವೋ, ಅದೆಲ್ಲ ಮಗೂಗೆ ಬಂದಿರಬೇಕು."

"ಅಮ್ಮ, ಸುಮ್ನಿರು. ಅವರಿಲ್ದಿದ್ರೆ ಮಗು ಇರ್ತಿತ್ತಾ?"

"ಇಲ್ಲ ಅಂದ್ನಾ? ಇದ್ದಿದ್ದು ಇದ್ದ ಹಾಗೆ ಹೇಳಿದೆ."

ತಕ್ಕಡಿಯಕ್ಕ ಬಾಗಿಲು ತಟ್ಟಿ ಒಳಗೆ ಹೋದಳು, ಏನೂ ಕೇಳಿಸದವಳಂತೆ ಮಗುವನ್ನು ಎತ್ತಿಕೊಂಡಳು. ಆದರೆ ಮಾತು ಒಳಗೆ ಹೊಕ್ಕು ಕೂತಿತು. ಕಾರ್ಖಾನೆಗೆ ಸೇರಿದ ಮೊದಲ ವರ್ಷ ಅವಳ ಕೈ ವಿಪರೀತ ತುರಿಸುತ್ತಿತ್ತು. ಹೊಸಬರಿಗೆಲ್ಲ ಹಿಟ್ಟಿನ ತುರಿ ಬರುತ್ತದೆ, ಹೋಗುತ್ತದೆ ಎಂದಿದ್ದರು. ಹೋಗಿತ್ತು ಕೂಡ. ಆದರೆ ಆಪರೇಷನ್ನಿಗೆ ಮುಂಚೆ ಡಾಕ್ಟರು, ನಿಮಗೆ ಯಾವುದಾದರೂ ಅಲರ್ಜಿ ಇದೆಯಾ ಎಂದು ಕೇಳಿದಾಗ ಅವಳು ಇಲ್ಲ ಎಂದುಬಿಟ್ಟಿದ್ದಳು. ಆ ತುರಿ ನೆನಪಿಗೇ ಬಂದಿರಲಿಲ್ಲ. ಈಗ ಅದೊಂದೇ ನೆನಪು. ತೂಗುವಾಗ ಒಂದು ದಿನ ಸಕ್ಕರೆಯ ಡಬ್ಬಿಗೆ ಉಪ್ಪು ಸುರಿದಳು. ಹದಿನೆಂಟು ವರ್ಷದಲ್ಲಿ ಮೊದಲ ತಪ್ಪು. ಮೇಲ್ವಿಚಾರಕರು ಬೈಯಲಿಲ್ಲ. ಮೈ ಸರಿ ಇಲ್ಲವಾ ಎಂದು ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ತಿಂಗಳೆರಡು ಹೀಗೇ ಕಳೆಯಿತು. ಚಿಟಿಕೆಯನ್ನು ಅಲರ್ಜಿ ಡಾಕ್ಟರಿಗೆ ತೋರಿಸುವ ದಿನ ತಕ್ಕಡಿಯಕ್ಕ ರಜೆ ಹಾಕಿ ಜೊತೆಗೆ ಹೋದಳು. ಡಾಕ್ಟರು ಗಿಡ್ಡ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮಗುವಿನ ಪರೀಕ್ಷೆ ಮುಗಿದ ಮೇಲೆ ತಂಗಿ ಮಗುವಿಗೆ ಬಟ್ಟೆ ಹಾಕಲು ಪಕ್ಕದ ಕೋಣೆಗೆ ಹೋದಳು. ಆಗ ತಕ್ಕಡಿಯಕ್ಕ ಬಾಯಿ ಬಿಟ್ಟಳು.

"ಡಾಕ್ಟ್ರೇ, ಲಿವರ್ ಕೊಟ್ಟಿದ್ದು ನಾನು. ಇದು ನನ್ನಿಂದ ಬಂತಾ?"

ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯವರಲ್ಲ. "ಕೊಟ್ಟವರ ಅಲರ್ಜಿ ಲಿವರ್ ಜೊತೆ ಬರೋದು ಅಪರೂಪಕ್ಕೆ ಆಗಿದೆ. ನಿಮಗೆ ಅಲರ್ಜಿ ಇದೆಯಾ?"

"ಇಲ್ಲ ಅಂದಿದ್ದೆ. ಈಗ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಗೊತ್ತು ಮಾಡ್ಕೊಳ್ಳೋಣ. ಕೈ ಕೊಡಿ."

ಒಳಮುಂಗೈ ಮೇಲೆ ಸಾಲಾಗಿ ಹನ್ನೆರಡು ಹನಿ ಇಟ್ಟು, ಒಂದೊಂದು ಹನಿಯ ಮೇಲೂ ಸೂಜಿಯಿಂದ ಸಣ್ಣಗೆ ಚುಚ್ಚಿದರು. ಹಾಲು, ಮೊಟ್ಟೆ, ಗೋಧಿ, ಗೋಡಂಬಿ, ಹೀಗೆ. ಕಾಲು ಗಂಟೆ ಕಾಯಬೇಕು. ಅವಳು ಗೋಡೆ ಗಡಿಯಾರ ನೋಡಲಿಲ್ಲ, ಕೈಯನ್ನೇ ನೋಡುತ್ತ ಕೂತಳು. ಒಂದು ಹನಿ ಮಾತ್ರ ಸೊಳ್ಳೆ ಕಚ್ಚಿದಂತೆ ಉಬ್ಬಿತು. ಕೈಯನ್ನು ಡಾಕ್ಟರ ಮುಂದೆ ಚಾಚಿದಳು.

"ಅದು ಎಲ್ಲರಿಗೂ ಉಬ್ಬಲೇಬೇಕಾದ ಹನಿ. ಪರೀಕ್ಷೆ ಸರಿಯಾಗಿ ನಡೀತಾ ಇದೆ ಅಂತ ತಿಳಿಯೋಕೆ ಇಡೋದು" ಎಂದರು ಡಾಕ್ಟರು. "ಉಳಿದ ಹನ್ನೊಂದೂ ಸುಮ್ನಿವೆ. ನಿಮ್ಮಿಂದ ಬಂದದ್ದಲ್ಲ."

ಆಮೇಲೆ ಬಿಡಿಸಿ ಹೇಳಿದರು. ಮೈಯಲ್ಲಿ ಕಾವಲುಗಾರರು ಇರುತ್ತಾರೆ. ಹೊಸ ಅಂಗದ ಮೇಲೆ ಬೀಳದಿರಲಿ ಎಂದು ಔಷಧಿ ಕೊಟ್ಟು ಅವರಲ್ಲಿ ಕೆಲವರನ್ನು ಮಲಗಿಸುತ್ತೇವೆ. ತೀರಾ ಚಿಕ್ಕ ಮಕ್ಕಳಲ್ಲಿ, ಯಾವುದು ಅನ್ನ ಯಾವುದು ಶತ್ರು ಎಂದು ಮೈ ಇನ್ನೂ ಕಲಿಯುತ್ತಿರುವ ಹೊತ್ತಿಗೇ ಈ ಔಷಧಿ ಶುರುವಾಗುತ್ತದೆ. ಎಚ್ಚರ ಇರುವ ಕಾವಲುಗಾರರು ಆಗ ಹಾಲನ್ನು ಕಂಡರೂ ಕಳ್ಳ ಎಂದು ಕೂಗುತ್ತಾರೆ. ಯಾಕೆ ಕೆಲವು ಮಕ್ಕಳಿಗೆ ಮಾತ್ರ ಹೀಗೆ ಎಂಬುದು ಪೂರ್ತಿ ಗೊತ್ತಿಲ್ಲ. ಬೆಳೆಯುತ್ತ ಕೆಲವು ಕಡಿಮೆಯಾಗುತ್ತವೆ, ಕೆಲವು ಉಳಿಯುತ್ತವೆ.

ತಕ್ಕಡಿಯಕ್ಕ ಎದ್ದು ನಿಂತಳು. ಹೊರಡುವ ಮುಂಚೆ ಡಾಕ್ಟರು ಕೇಳಿದರು, "ಮಗು ಕೆನ್ನೆ ಮೇಲೆ ಸಂಜೆ ಹೊತ್ತು ದದ್ದು ಏಳತ್ತೆ ಅಂತ ತಾಯಿ ಹೇಳಿದ್ರು. ಮನೇಲಿ ಹಾಲು ಮುಟ್ಟೋದೇ ಬಿಟ್ಟಿದ್ದಾರೆ, ಆದ್ರೂ ಬರತ್ತಂತೆ. ನೀವೆಲ್ಲಿ ಕೆಲಸ ಮಾಡೋದು?"

"ಬಿಸ್ಕತ್ತು ಕಾರ್ಖಾನೇಲಿ. ಪುಡಿ ತೂಗ್ತೀನಿ."

"ಕೆಲಸ ಮುಗಿಸಿ ನೇರ ಮಗು ಹತ್ರ ಹೋಗ್ತೀರಾ?"

ಅವಳು ತನ್ನ ತೋಳು, ರವಿಕೆಯ ಅಂಚು, ಬೆರಳ ಸಂದಿ ನೋಡಿಕೊಂಡಳು. ಆ ದಿನ ರಜೆ, ಸ್ನಾನ ಮಾಡಿ ಬಂದಿದ್ದಳು, ಆದರೂ ನೋಡಿಕೊಂಡಳು. ಯಕೃತ್ತಿನದಲ್ಲ ತಪ್ಪು. ಕೆನ್ನೆಗೆ ಕೆನ್ನೆ ಒತ್ತಿದ್ದು.

ಬಸ್ಸಿನಲ್ಲಿ ತಂಗಿಗೆ ಎಲ್ಲ ಹೇಳಿದಳು. ತಂಗಿ, "ನಿನ್ನ ಲಿವರಿಂದ ಬಂತು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಅಕ್ಕಾ" ಎಂದಳು.

"ನಾನು ಅಂದ್ಕೊಂಡಿದ್ದೆ."

ಮಗು ಕಿಟಕಿಯ ಗಾಜನ್ನು ನೆಕ್ಕಲು ಹೋಯಿತು, ಇಬ್ಬರೂ ಒಟ್ಟಿಗೆ ಕೈ ಹಾಕಿ ತಡೆದರು.

ಮರುದಿನದಿಂದ ತಕ್ಕಡಿಯಕ್ಕ ಕಾರ್ಖಾನೆಯ ಬಚ್ಚಲಲ್ಲೇ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ, ಕೆಲಸದ ಬಟ್ಟೆಯನ್ನು ಅಲ್ಲೇ ಪೆಟ್ಟಿಗೆಯಲ್ಲಿ ಬಿಟ್ಟು ಹೊರಡತೊಡಗಿದಳು. ಚಪ್ಪಲಿ ಕೂಡ ಬೇರೆ. "ತಕ್ಕಡಿಯಕ್ಕ ಯಾರನ್ನ ನೋಡೋಕೆ ಇಷ್ಟು ತಯಾರಾಗಿ ಹೋಗ್ತಾಳೋ" ಎಂದು ಪ್ಯಾಕಿಂಗಿನ ಹೆಂಗಸರು ನಕ್ಕರು. "ಇದ್ದಾಳೆ ಒಬ್ಬಳು, ಹಲ್ಲು ಎಂಟೇ ಬಂದಿವೆ" ಎಂದಳು. ಒಂದು ವಾರದಲ್ಲಿ ಕೆನ್ನೆಯ ದದ್ದು ನಿಂತಿತು.

ಆ ಮನೆಯ ಅಡುಗೆಮನೆಯಿಂದ ಹಾಲು, ಮೊಟ್ಟೆ, ಗೋಡಂಬಿ ಹೊರಬಿದ್ದಿದ್ದವು. ತಂಗಿಯ ಗಂಡ ಕರಿ ಚಹಾ ಕುಡಿಯುವುದನ್ನು ಕಲಿತ. ಹಾಲು ಬಿಟ್ಟಿದ್ದಕ್ಕೋ ಚಿಂತೆಗೋ, ಆಸ್ಪತ್ರೆಯವರು ಇಳಿಸಲು ಹೇಳಿದ್ದ ಹೊಟ್ಟೆ ಈಗ ತಾನಾಗಿ ಇಳಿಯಿತು. ಔಷಧಿಯ ಪ್ರಮಾಣ ಕಡಿಮೆ ಮಾಡಿ ನೋಡೋಣ ಎಂದು ಲಿವರ್ ಡಾಕ್ಟರು ಒಮ್ಮೆ ಇಳಿಸಿದರು. ದದ್ದು ಕಡಿಮೆಯಾಯಿತು, ಆದರೆ ರಕ್ತ ಪರೀಕ್ಷೆಯಲ್ಲಿ ಯಕೃತ್ತು ಮುನಿಸಿಕೊಂಡಿರುವುದು ಕಂಡಿತು. ಮತ್ತೆ ಏರಿಸಿದರು. ಅತ್ತ ದರಿ, ಇತ್ತ ಪುಲಿ. ನಡುವೆ ಕೂದಲೆಳೆಯಷ್ಟು ದಾರಿ, ಅದರ ಮೇಲೆ ಆ ಮನೆ ಎರಡು ವರ್ಷ ನಡೆಯಿತು.

ಚಿಟಿಕೆಗೆ ಮೂರೂವರೆ ವರ್ಷ ಆದಾಗ ಒಂದು ಭಾನುವಾರ ಬೆಳಿಗ್ಗೆ. ತಂಗಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು, ಗಂಡ ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಿಂತಿದೆ ಎಂದು ಕರೆ ಬಂದು ಹೋಗಿದ್ದ. ತಕ್ಕಡಿಯಕ್ಕ ಒಳಗೆ ಬಂದಾಗ ಅಜ್ಜಿಯ ತೊಡೆಯ ಮೇಲೆ ಚಿಟಿಕೆ ಕೂತಿದ್ದಳು. ಕೈಯಲ್ಲಿ ಅರ್ಧ ಬಿಸ್ಕತ್ತು, ಅದರಲ್ಲೂ ಒಂದು ಮೂಲೆ ಕಚ್ಚಿದ್ದು. ನೆಲದ ಮೇಲೆ ಪೊಟ್ಟಣ. ಅದರ ಮೇಲಿನ ಚಿತ್ರ ತಕ್ಕಡಿಯಕ್ಕನಿಗೆ ತನ್ನ ಅಂಗೈಯಷ್ಟೇ ಪರಿಚಯ.

"ದೊಡ್ಡಮ್ಮಾ, ನಿನ್ನ ಬಿಸ್ಕತ್ತು" ಎಂದಳು ಚಿಟಿಕೆ. ಎಂದವಳು ಕೆಮ್ಮಿದಳು. ಮತ್ತೆ ಕೆಮ್ಮಿದಳು. ಮೇಲ್ತುಟಿ ನೋಡನೋಡುತ್ತಿದ್ದಂತೆ ದಪ್ಪವಾಯಿತು.

ತಕ್ಕಡಿಯಕ್ಕ ಮೀನಮೇಷ ಎಣಿಸಲಿಲ್ಲ. ಅಲರ್ಜಿ ಉಸಿರು ಕಟ್ಟಿಸಿದರೆ ತಕ್ಷಣ ತೊಡೆಗೆ ಒತ್ತಲೆಂದು ಡಾಕ್ಟರು ಬರೆದುಕೊಟ್ಟಿದ್ದ ಚುಚ್ಚುಮದ್ದಿನ ಪೆನ್ನು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಚೀಲದಲ್ಲಿ ಇರುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಸೂಜಿಯಿಲ್ಲದ ಪೆನ್ನಿನಲ್ಲಿ ದಿಂಬಿನ ಮೇಲೆ ಅವಳು ಐವತ್ತು ಸಲವಾದರೂ ಅಭ್ಯಾಸ ಮಾಡಿದ್ದಳು. ಮಗುವನ್ನು ನೆಲದ ಮೇಲೆ ಮಲಗಿಸಿ, ಮೊಣಕಾಲು ಒತ್ತಿ ಹಿಡಿದು, ಮುಚ್ಚಳ ತೆಗೆದು, ತೊಡೆಯ ಹೊರಬದಿಗೆ ಒತ್ತಿದಳು. ಟಕ್ ಎಂದಿತು. ಹತ್ತು ಎಣಿಸಿದಳು. ಚಿಟಿಕೆ ಕಿರುಚಿದಳು. ಆ ಕಿರುಚು ಕೇಳಿ ಇವಳಿಗೆ ಹೋದ ಜೀವ ಬಂದಂತಾಯಿತು: ಕಿರುಚಬೇಕಾದರೆ ಉಸಿರಿದೆ. ಕೆಳಮಹಡಿಯವರ ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡು, ಕಾಲು ತನ್ನ ಹೆಗಲಿಗೆ ಎತ್ತಿ ಹಿಡಿದು ಆಸ್ಪತ್ರೆ ತಲುಪಿದಳು. ಮರುದಿನದವರೆಗೂ ಇಟ್ಟುಕೊಂಡು ನೋಡಿ ಕಳಿಸಿದರು.

ಮನೆಯಲ್ಲಿ ಅಜ್ಜಿ ಊಟ ಬಿಟ್ಟಿದ್ದರು. ಮೂರನೇ ದಿನ ತಕ್ಕಡಿಯಕ್ಕ ಹೋಗಿ ಅವರ ಮಂಚದ ತುದಿಗೆ ಕೂತಳು.

"ನಿನ್ನ ಕಾರ್ಖಾನೆ ಚಿತ್ರ ಅಂಗಡೀಲಿ ನೋಡಿ ಹಟ ಹಿಡೀತು" ಎಂದರು ಅಜ್ಜಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ದೊಡ್ಡಮ್ಮನ ಕೈಯ ಬಿಸ್ಕತ್ತು, ಒಳಗಿರೋದೂ ಅವಳದೇ ಲಿವರು. ಅದಕ್ಕಿದು ಒಗ್ಗದೇ ಇರತ್ತಾ ಅಂದ್ಕೊಂಡೆ. ಅರ್ಧವೇ ಕೊಟ್ಟೆ. ಹಣೆಬರಹ ಗೆಟ್ಟ ಕೈ ನಂದು."

"ಅತ್ತೆ, ಏಳು ತಿಂಗಳು ಆ ಮಗು ಕೆನ್ನೆಗೆ ದಿನಾ ಹಾಲಿನ ಪುಡಿ ಹಚ್ಚಿದವಳು ನಾನು. ನೀವು ಕೊಟ್ಟಿದ್ದು ಅರ್ಧ ಬಿಸ್ಕತ್ತು. ತೂಗಿ ನೋಡಿದ್ರೆ ನನ್ನದೇ ಭಾರ."

ಅಜ್ಜಿ ಈ ಕಡೆ ತಿರುಗಿದರು.

"ನಂಗೆ ಓದಕ್ಕೆ ಬರಲ್ಲ ಕಣಮ್ಮ. ಪೊಟ್ಟಣದ ಮೇಲೆ ಏನು ಬರೆದಿದ್ರೆ ನಂಗೇನು ಗೊತ್ತಾಗತ್ತೆ?"

ಇಷ್ಟು ದಿನ ಯಾರೂ ಯೋಚಿಸದೇ ಇದ್ದದ್ದು ಅದು. ಎಲ್ಲರೂ ಅಜ್ಜಿಗೆ ಹೇಳಿದ್ದರು, ಎಚ್ಚರಿಸಿದ್ದರು, ಗದರಿದ್ದರು. ಪೊಟ್ಟಣ ಓದಲು ಅವರಿಗೆ ಬರುತ್ತದಾ ಎಂದು ಯಾರೂ ಕೇಳಿರಲಿಲ್ಲ. ತಕ್ಕಡಿಯಕ್ಕ ಹಳೆಯ ಪೊಟ್ಟಣಗಳಿಂದ ಮೂರು ಪದ ಕತ್ತರಿಸಿದಳು: ಹಾಲು, ಮೊಟ್ಟೆ, ಗೋಡಂಬಿ. ಒಂದು ರಟ್ಟಿಗೆ ಅಂಟಿಸಿ ಅಜ್ಜಿಯ ಕೈಗೆ ಕೊಟ್ಟಳು. ಅಕ್ಷರ ಬೇಡ, ಆಕಾರ ನೋಡಿ ಸಾಕು ಎಂದಳು. ಅಜ್ಜಿ 'ಹಾಲು' ಪದವನ್ನು ಬೆರಳಿಂದ ಸವರಿ, "ಇದು ಬಾಲ ಇಳಿಬಿಟ್ಟ ಇಲಿ ಹಾಗಿದೆ" ಎಂದರು. 'ಮೊಟ್ಟೆ'ಗೆ, "ಒಂದರ ಕಾಲಿಗೆ ಇನ್ನೊಂದು ಕೂತಿದೆ". ಹದಿನೈದು ದಿನದಲ್ಲಿ ಮೂರನ್ನೂ ಗುರುತು ಹಿಡಿದರು. ತಿಂಗಳಾಗುವಾಗ ಮನೆಗೆ ಬಂದ ಒಂದು ಪೊಟ್ಟಣವೂ ಅವರ ಕೈ ದಾಟಿ ಅಡುಗೆಮನೆಗೆ ಹೋಗದಂತಾಯಿತು. ರಟ್ಟು ಹಿಡಿದುಕೊಂಡು ಅಂಗಡಿಗೆ ಹೋಗಿ, "ಇಲಿ ಇಲ್ಲದ್ದು ಕೊಡಪ್ಪ" ಎನ್ನುತ್ತಿದ್ದರು. ಅಂಗಡಿಯವನು ಮೊದಮೊದಲು ತನ್ನ ಅಂಗಡಿಯಲ್ಲಿ ಇಲಿ ಇಲ್ಲವೇ ಇಲ್ಲ ಎಂದು ವಾದ ಮಾಡಿದನಂತೆ.

ಚಿಟಿಕೆ ಶಾಲೆಗೆ ಸೇರಿದ ವರ್ಷ ಕಾರ್ಖಾನೆಯಲ್ಲೊಂದು ಪ್ರಸಂಗ ನಡೆಯಿತು. ಹಾಲಿಲ್ಲದ ಬಿಸ್ಕತ್ತಿಗೆ ಬೇಡಿಕೆ ಇದೆಯೆಂದು ಯಜಮಾನರು ಹೊಸ ಬಗೆ ಶುರುಮಾಡಲು ಹೊರಟರು. ಪೊಟ್ಟಣದ ಮೇಲೆ ದೊಡ್ಡದಾಗಿ 'ಹಾಲಿಲ್ಲ' ಎಂದು ಅಚ್ಚಾಗಿಯೂ ಬಂತು. ಯಂತ್ರ ಮಾತ್ರ ಹಳೆಯದೇ; ಹಿಂದಿನ ಪಾಳಿ ಮುಗಿದ ಮೇಲೆ ಬಿಸಿನೀರು ಹೊಡೆದು ತೊಳೆಯುವುದು ಎಂದಾಯಿತು. ಮೊದಲ ದಿನ ತೂಕದ ಚೀಟಿ ತಂದ ಮೇಲ್ವಿಚಾರಕರಿಗೆ ತಕ್ಕಡಿಯಕ್ಕ, "ನಾನು ತೂಗಲ್ಲ" ಎಂದಳು.

"ಯಾಕೆ? ನಿಮ್ಮನೆ ಮಗೂಗೆ ಅಂತಾನೇ ಮಾಡಿದ ಹಾಗಿದೆಯಲ್ಲ ಇದು."

"ಅದಕ್ಕೇ ತೂಗಲ್ಲ."

ಅವರನ್ನು ಕಲಸುವ ಯಂತ್ರದ ಹತ್ತಿರ ಕರೆದೊಯ್ದಳು. ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಅಲಗು ತಿರುಗುವ ಕಂಬದ ಬುಡಕ್ಕೆ, ಕಣ್ಣಿಗೆ ಕಾಣದ ಸಂದಿಗೆ ತೋರುಬೆರಳು ಹಾಕಿ ತೆಗೆದು ತೋರಿಸಿದಳು. ಬೆರಳ ತುದಿಯಲ್ಲಿ ಬಿಳಿ ಅಂಟು.

"ಇದು ಅರ್ಧ ಗ್ರಾಮೂ ಇಲ್ಲ" ಎಂದರು ಮೇಲ್ವಿಚಾರಕರು.

"ಇಲ್ಲ. ನಮ್ಮ ಮಗು ಕಚ್ಚಿದ ಮೂಲೆಯಲ್ಲೂ ಅಷ್ಟು ಹಾಲು ಇರಲಿಲ್ಲ."

ಮಾತು ಯಜಮಾನರವರೆಗೆ ಹೋಯಿತು. ಅವರಿಗೆ ಸಿಟ್ಟು ಬಂತು. ಅಚ್ಚಾದ ಪೊಟ್ಟಣಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಎರಡು ವಾರ ತಕ್ಕಡಿಯಕ್ಕನೊಂದಿಗೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ಅವಳು ಎಂದಿನಂತೆ ಬಂದು ಎಂದಿನ ಬಿಸ್ಕತ್ತಿಗೆ ತೂಗಿಕೊಟ್ಟು ಹೋಗುತ್ತಿದ್ದಳು. ಕೊನೆಗೆ ಪರೀಕ್ಷೆಗೆ ಕಳಿಸಿದ ಮಾದರಿಯಲ್ಲಿ ಹಾಲಿನ ಅಂಶ ಸಿಕ್ಕಿತೆಂದು ವರದಿ ಬಂತು. ಆ ಬಗೆ ಅಲ್ಲಿಗೇ ನಿಂತಿತು. ಯಾರೂ ಅವಳನ್ನು ಹೊಗಳಲಿಲ್ಲ. ಮೇಲ್ವಿಚಾರಕರು ಮಾತ್ರ ಒಂದು ದಿನ, ತಮ್ಮ ತಂಗಿಯ ಮಗನಿಗೂ ಶೇಂಗಾ ಆಗುವುದಿಲ್ಲ, ಪೊಟ್ಟಣದಲ್ಲಿ ಏನೇನು ನೋಡಬೇಕು ಎಂದು ಕೇಳಿ ಬರೆದುಕೊಂಡು ಹೋದರು.

ಆರೂವರೆ ವರ್ಷಕ್ಕೆ ಡಾಕ್ಟರು, ರಕ್ತದ ಅಂಕಿಗಳು ಇಳಿದಿವೆ, ಈಗ ಹಾಲು ಕೊಟ್ಟು ನೋಡಬಹುದು ಎಂದರು. ಆಸ್ಪತ್ರೆಯಲ್ಲೇ, ಔಷಧಿ ಪಕ್ಕದಲ್ಲಿಟ್ಟುಕೊಂಡು. ಬೆಳಿಗ್ಗೆ ಎಂಟಕ್ಕೆ ಚಿಟಿಕೆಯನ್ನು ಮಂಚದ ಮೇಲೆ ಕೂರಿಸಿದರು. ಒಂದು ಕಡೆ ತಾಯಿ, ಒಂದು ಕಡೆ ದೊಡ್ಡಮ್ಮ. ನರ್ಸಮ್ಮ ಮೊದಲು ಒಂದು ಹನಿ ಹಾಲನ್ನು ತುಟಿಗೆ ಸವರಿದರು. ಇಪ್ಪತ್ತು ನಿಮಿಷ ಕಾದರು. ಆಮೇಲೆ ಒಂದು ಮಿಲಿ. ಮತ್ತೆ ಕಾದರು. ಐದು ಮಿಲಿ. ತಂಗಿ ಮಗಳ ತುಟಿಯನ್ನೇ ನೋಡುತ್ತಿದ್ದಳು, ತಕ್ಕಡಿಯಕ್ಕ ಅವಳ ಕತ್ತನ್ನು. ಚಿಟಿಕೆ ಚಿತ್ರದ ಪುಸ್ತಕಕ್ಕೆ ಬಣ್ಣ ತುಂಬುತ್ತಿದ್ದಳು.

"ಚಿಟಿಕೆ, ಬಾಯಿ ತುರಿಸ್ತಾ ಇದೆಯೇನೇ?"

"ಇಲ್ಲ ದೊಡ್ಡಮ್ಮ. ನೀನು ಹೀಗೇ ನೋಡ್ತಿದ್ರೆ ನಂಗೆ ಬಣ್ಣ ಆಚೆ ಹೋಗತ್ತೆ."

ಹನ್ನೊಂದೂವರೆಗೆ ಪೂರ್ತಿ ಲೋಟ ಖಾಲಿಯಾಯಿತು. ಮಧ್ಯಾಹ್ನ ಎರಡರವರೆಗೆ ಕಾದರು. ದದ್ದಿಲ್ಲ, ವಾಂತಿಯಿಲ್ಲ, ಕೆಮ್ಮಿಲ್ಲ. ಡಾಕ್ಟರು ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಮೈಯೆಲ್ಲ ನೋಡಿ, "ಪಾಸ್" ಎಂದರು. ತಂಗಿ ಕುರ್ಚಿಯ ಮೇಲೆ ಕೂತು ಅತ್ತಳು. ತಕ್ಕಡಿಯಕ್ಕ ಅಳಲಿಲ್ಲ. ಎದ್ದು ಕಾರಿಡಾರಿಗೆ ಹೋಗಿ, ನೀರಿನ ನಲ್ಲಿ ಬಿಟ್ಟುಕೊಂಡು ಸುಮ್ಮನೆ ಕೈ ತೊಳೆಯುತ್ತ ನಿಂತಳು. ಆಮೇಲೆ ಮನೆಗೆ ಫೋನ್ ಮಾಡಿದಳು. ಅಜ್ಜಿ, "ಇನ್ನೊಂದು ಸಲ ನೋಡಕ್ಕೆ ಹೇಳು ಅವರಿಗೆ" ಎಂದರು.

ಮೊಟ್ಟೆ ಈಗಲೂ ಆಗುವುದಿಲ್ಲ. ಮುಂದಿನ ವರ್ಷ ಬೇಯಿಸಿದ್ದನ್ನು ಕೊಟ್ಟು ನೋಡುತ್ತಾರಂತೆ. ಗೋಡಂಬಿ ಬಹುಶಃ ಯಾವತ್ತೂ ಇಲ್ಲ. ಎರಡು ಪೆನ್ನಿರುವ ಚೀಲ ಶಾಲೆಗೂ ಹೋಗುತ್ತದೆ, ಪಾರ್ಕಿಗೂ ಹೋಗುತ್ತದೆ. ಎರಡು ಹೊತ್ತಿನ ಔಷಧಿ ಎಂದಿನಂತೆ. ಯಕೃತ್ತು ಚೆನ್ನಾಗಿದೆ, ಮಗುವಿನ ಜೊತೆಗೇ ಬೆಳೆಯುತ್ತಿದೆ. ತಕ್ಕಡಿಯಕ್ಕನದೂ ಬೆಳೆದುಕೊಂಡಿದೆ. ಅವಳಿಗೀಗ ನಲವತ್ಮೂರು, ತೂಕದ ಮೇಜಿನಲ್ಲೇ ಇದ್ದಾಳೆ, ಪಾಳಿ ಮುಗಿದ ಮೇಲೆ ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟಿಲ್ಲ.

ಒಗ್ಗಿದ ಹಾಲು ಒಗ್ಗಿಯೇ ಇರಬೇಕಾದರೆ ದಿನವೂ ಒಂದು ಲೋಟ ಕುಡಿಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಚಿಟಿಕೆಗೆ ಹಾಲಿನ ರುಚಿ ಒಂದಿಷ್ಟೂ ಹಿಡಿಸಿಲ್ಲ. ಬೆಳಿಗ್ಗೆ ಏಳೂವರೆಗೆ ಆ ಮೂರನೇ ಮಹಡಿಯಲ್ಲಿ ಜಗಳ ಶುರುವಾಗುತ್ತದೆ: ತಾಯಿ ಲೋಟ ಹಿಡಿದು ನಿಲ್ಲುತ್ತಾಳೆ, ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ, ಅಪ್ಪ ಶಾಲೆಗೆ ಹೊತ್ತಾಯಿತು ಎನ್ನುತ್ತಾನೆ, ಅಜ್ಜಿ ಒಳಗಿನಿಂದ, "ಕುಡಿಯೇ, ಮಕ್ಕಳು ಹಾಲು ಬೇಡ ಅಂತಾರಾ" ಎಂದು ಕೂಗುತ್ತಾರೆ. ಆ ಹೊತ್ತಿಗೆ ಮೆಟ್ಟಿಲ ಮೇಲೆ ಓಡಾಡುವ ನೆರೆಯವರು ಎಲ್ಲ ಮನೆಗಳಲ್ಲೂ ಇದ್ದದ್ದೇ ಎಂದುಕೊಂಡು ಇಳಿದುಹೋಗುತ್ತಾರೆ.